ಕನ್ನಡಕ ತೆಗೆದು ನೋಡಿ, ಅಮ್ಮ

"ಇದು ಯಾವ ಕೆಲಸಕ್ಕೂ ಬಾರದ್ದು ಕಣೇ ಅಕ್ಕ," ಎಂದ ನನ್ನ ತಮ್ಮ, ದುರ್ಬೀನಿನಿಂದ ಕಣ್ಣು ಕೀಳದೆ.

ಮೆಲ್ಲಗೆ ಮಾತಾಡು ಎಂದು ಅವನ ಬೆನ್ನಿಗೊಂದು ಗುದ್ದಿದೆ. ತಾರಸಿಯ ಇನ್ನೊಂದು ಮೂಲೆಯಲ್ಲಿ, ನೀರಿನ ಟ್ಯಾಂಕಿನ ನೆರಳಲ್ಲಿ ಹೊಲಿಗೆಯಮ್ಮ ಕೂತಿದ್ದರು. ಮಡಿಲಲ್ಲಿ ಯಾರದೋ ಷರ್ಟು, ಕೈಯಲ್ಲಿ ಗುಂಡಿ. ಹೊಲಿಯುವುದು ನೆಪಕ್ಕೆ, ಎರಡೂ ಕಿವಿ ನಮ್ಮ ಕಡೆಗೇ ಇದ್ದವು.

ಕಾಣೆಯಾದ ಮಗಳನ್ನು ಹುಡುಕಿಕೊಡಿ ಎಂದು ಪತ್ತೇದಾರಿಕೆ ಮಾಡುವ ನನ್ನನ್ನು ಕರೆಸಿದ್ದವರು ಹೊಲಿಗೆಯಮ್ಮ. ಮಗಳು ಸೋಮವಾರ ಸಂಜೆಯೇ ಸೂಟ್‌ಕೇಸ್ ಹಿಡಿದು ಮನೆ ಬಿಟ್ಟಳು ಎನ್ನುತ್ತಾನೆ ಅಳಿಯ. ಮಂಗಳವಾರ ಬೆಳಗ್ಗೆ ಅವಳು ನದಿಯಾಚೆಯ ತನ್ನ ಬಾಲ್ಕನಿಯಲ್ಲೇ ಇದ್ದಳು, ಇದೇ ದುರ್ಬೀನಿನಲ್ಲಿ ಕಣ್ಣಾರೆ ಕಂಡೆ ಎನ್ನುತ್ತಾರೆ ತಾಯಿ. ಇಬ್ಬರಲ್ಲೊಬ್ಬರ ಮಾತು ಸುಳ್ಳಾಗಲೇಬೇಕು. ಇನ್ಸ್‌ಪೆಕ್ಟರ್ ಬಂದು ಇಣುಕಿ, ಆಚೆ ದಡದ ಕಟ್ಟಡವೇ ನೆಟ್ಟಗೆ ಕಾಣದ ಇದರಲ್ಲಿ ಮುಖ ಹೇಗೆ ಕಂಡಿತು ತಾಯಿ ಎಂದು ಕೇಳಿ ಹೋಗಿದ್ದರು. ಅವರ ಮಾತಲ್ಲಿ ತಪ್ಪಿರಲಿಲ್ಲ. ನಾನೂ ಇಣುಕಿದ್ದೆ. ನೀರಲ್ಲಿ ನೆನೆದ ಪೇಪರಿನ ಹಾಗೆ ಎಲ್ಲ ಕಲಸಿಹೋಗಿತ್ತು.

ನಾಳೆ ಬೆಳಗ್ಗೆ ಅಳಿಯನ ಮನೆ ಮುಂದೆ ಲಾರಿ ಬಂದು ನಿಲ್ಲುತ್ತದೆ. ಅವನು ಮನೆ ಖಾಲಿ ಮಾಡುತ್ತಿದ್ದಾನೆ. ಆಮೇಲೆ ಅಲ್ಲಿ ಹುಡುಕಲು ಗೋಡೆ ಬಿಟ್ಟರೆ ಏನೂ ಉಳಿದಿರುವುದಿಲ್ಲ. ಪೊಲೀಸರು ಅವನ ಬಾಗಿಲು ತೆರೆಸಬೇಕಾದರೆ ಈ ತಾಯಿಯ ಕಣ್ಣು ನಂಬುವಂಥದ್ದು ಎಂದು ಇವತ್ತೇ ತೋರಿಸಬೇಕಿತ್ತು. ಅದಕ್ಕೇ ತಮ್ಮನನ್ನು ಹಾಸಿಗೆಯಿಂದ ಎಬ್ಬಿಸಿ ಎಳೆದು ತಂದಿದ್ದೆ. ದುರ್ಬೀನು ರಿಪೇರಿಯಲ್ಲಿ ಅವನದು ಎತ್ತಿದ ಕೈ. ಬೆಳಗ್ಗೆ ಏಳುವ ವಿಷಯ ಮಾತ್ರ ಕೇಳಬೇಡಿ.

ಬೆಳಗಿನ ಹೊತ್ತೇ ಆಗಬೇಕು ಎಂದವನೂ ಅವನೇ. ಬಿಸಿಲೇರಿದರೆ ನೀರಿನ ಮೇಲಿನ ಗಾಳಿ ಕುದಿಯತೊಡಗುತ್ತದಂತೆ. ಆಗ ಎಂಥ ಒಳ್ಳೆಯ ಗಾಜೂ ಕೈಚೆಲ್ಲುತ್ತದೆ. ತಪ್ಪು ಗಾಳಿಯದೋ ಗಾಜಿನದೋ ಹೇಳಲಾಗುವುದಿಲ್ಲ.

ಅವನ ಪರೀಕ್ಷೆ ನೋಡಲು ಮಕ್ಕಳಾಟದಂತಿತ್ತು. ಬೀದಿಯ ಕೊನೆಯ ಮನೆಯ ತಾರಸಿಗೆ ಹೋಗಿ, ಕಟ್ಟೆಯ ಮೇಲೆ ಸೈಕಲ್ಲಿನ ಬೇರಿಂಗಿನ ಒಂದು ಉಕ್ಕಿನ ಗುಂಡನ್ನು ಮಣ್ಣಿನಲ್ಲಿ ಅಂಟಿಸಿ ಬಂದಿದ್ದ. ಅದರ ಮೇಲೆ ಸೂರ್ಯ ಬಿದ್ದು, ದೂರದಿಂದ ಸೂಜಿಮೊನೆಯಷ್ಟು ಬೆಳಕು ಹೊಳೆಯುತ್ತಿತ್ತು. ಒಳ್ಳೆಯ ದುರ್ಬೀನಿನಲ್ಲಿ ಅದು ಚುಕ್ಕೆಯಾಗಿಯೇ ಕಾಣಬೇಕು. ಫೋಕಸ್ಸಿನ ತಿರುಪನ್ನು ಆಚೆ ಸ್ವಲ್ಪ ತಿರುಗಿಸಿದರೂ ಈಚೆ ಸ್ವಲ್ಪ ತಿರುಗಿಸಿದರೂ ಆ ಚುಕ್ಕೆ ಹರಡಿ ದುಂಡಗಿನ ಬಿಲ್ಲೆಯಾಗಬೇಕು, ಎರಡೂ ಕಡೆ ಒಂದೇ ಥರ.

ಇಲ್ಲಿ ಹಾಗಾಗಲಿಲ್ಲ. ಆಚೆ ತಿರುಗಿಸಿದರೆ ಬಿಲ್ಲೆ ಓರೆಯಾಗಿ ಮಲಗಿದ ಮೊಟ್ಟೆಯಾಯಿತು. ಈಚೆ ತಿರುಗಿಸಿದರೆ ಅದೇ ಮೊಟ್ಟೆ ಅಡ್ಡಕ್ಕೆ ತಿರುಗಿ ನಿಂತಿತು. ನಡುವೆ ಎಲ್ಲೂ ಚುಕ್ಕೆ ಇಲ್ಲ, ಸಣ್ಣದೊಂದು ಶಿಲುಬೆ ಅಷ್ಟೆ.

ದೋಷ ನಿನ್ನ ಕಣ್ಣಿನದೇ ಇರಬಹುದಲ್ಲ ಎಂದು ಕೇಳಿದೆ. ನನಗೆ ಆಸೆ. ಪತ್ತೇದಾರಿಕೆ ಮಾಡುವವರು ಆಸೆ ಇಟ್ಟುಕೊಳ್ಳಬಾರದು ಅಂತಾರೆ. ಹೇಳುವವರು ಹೊಲಿಗೆಯಮ್ಮನ ಮುಖವನ್ನು ಒಂದು ಸಲ ಬಂದು ನೋಡಲಿ.

ಅವನು ಅದಕ್ಕೂ ದಾರಿ ಇಟ್ಟುಕೊಂಡಿದ್ದ. ಮೊದಲು ತನ್ನ ತಲೆಯನ್ನು ಬಲಕ್ಕೆ ವಾಲಿಸಿದ. ಮೊಟ್ಟೆ ಅಲುಗಲಿಲ್ಲ. ಕಣ್ಣಿನ ದೋಷವಾಗಿದ್ದರೆ ತಲೆಯ ಜೊತೆ ಅದೂ ವಾಲಬೇಕಿತ್ತಂತೆ. ಆಮೇಲೆ ಸ್ಟ್ಯಾಂಡಿನ ಮೇಲೆ ದುರ್ಬೀನನ್ನು ತಬ್ಬಿ ಹಿಡಿದ ಬಳೆಯ ತಿರುಪು ಸಡಿಲಿಸಿ, ಕೊಳವೆಯನ್ನೇ ನಿಧಾನ ಉರುಳಿಸಿದ. ಈ ಸಲ ಮೊಟ್ಟೆ ಗಡಿಯಾರದ ಮುಳ್ಳಿನಂತೆ ಅದರ ಜೊತೆಯೇ ತಿರುಗಿತು. ನಾನೂ ನೋಡಿದೆ. ಅನುಮಾನಕ್ಕೆ ಜಾಗವೇ ಇರಲಿಲ್ಲ.

"ಗಾಜು ಒಳ್ಳೇದೇ ಅಕ್ಕ. ಬೆಳಕು ಚೆನ್ನಾಗಿದೆ, ಅಂಚಲ್ಲಿ ಬಣ್ಣ ಸೋರ್ತಿಲ್ಲ. ಆದ್ರೆ ಯಾವಾಗ್ಲೋ ಕೆಳಗೆ ಬಿದ್ದಿದೆ. ಒಳಗೆ ಏನೋ ಓರೆಯಾಗಿ ಕೂತ್ಬಿಟ್ಟಿದೆ. ಇದ್ರಲ್ಲಿ ಆಚೆ ದಡದ ಮುಖ ಗುರುತು ಹಿಡಿಯೋದು ಸಾಧ್ಯವೇ ಇಲ್ಲ."

ಹೇಳಿ, ಫೋಕಸ್ಸಿನ ತಿರುಪು ಮೊದಲಿದ್ದಂತೆ ಮೇಲಕ್ಕೆ ಬರುವಂತೆ ಕೊಳವೆ ತಿರುಗಿಸಿ ಬಿಗಿ ಮಾಡಿದ.

ನನಗೆ ತಲೆ ಕೆಟ್ಟುಹೋಯಿತು. ದುರ್ಬೀನಿನ ಹಿಂದಿದ್ದ ಸ್ಟೂಲು ನೋಡಿ ಇನ್ನಷ್ಟು ಕೆಟ್ಟಿತು. ಅದರ ದಿಂಬು ನಡುವಲ್ಲಿ ಹಳ್ಳ ಬಿದ್ದು, ಹೊಲಿಗೆ ಬಿಟ್ಟು, ಮತ್ತೆ ಹಾಕಿದ ಹೊಲಿಗೆಯೂ ಬಿಟ್ಟಿತ್ತು. ಏನೂ ಕಾಣದ ದುರ್ಬೀನಿನ ಮುಂದೆ ಯಾರಾದರೂ ಇಷ್ಟು ಕಾಲ ಕೂರುತ್ತಾರೆಯೇ?

ಹೋಗಿ ಹೊಲಿಗೆಯಮ್ಮನ ಪಕ್ಕ ಕೂತೆ. ಅವರಾಗಿಯೇ ಶುರು ಮಾಡಿದರು.

ಮದುವೆಗೆ ಇವರು ಒಪ್ಪಿರಲಿಲ್ಲ. ಲಿಫ್ಟ್ ಮೆಕ್ಯಾನಿಕ್‌ನನ್ನು ಕಟ್ಟಿಕೊಂಡರೆ ಈ ಮೆಟ್ಟಿಲು ಹತ್ತಬೇಡ ಎಂದಿದ್ದರು. ಮಗಳು ಹಟದಲ್ಲಿ ತಾಯಿಗಿಂತ ಒಂದು ಕೈ ಮೇಲೆ, ಹತ್ತಲಿಲ್ಲ. ಫೋನೂ ಇಲ್ಲ. ಆಚೆ ದಡದಲ್ಲೇ ಮನೆ ಮಾಡಿದಳು, ನದಿಯ ಕಡೆ ಬಾಲ್ಕನಿ ಇರುವಂಥದ್ದು. ಸ್ವಲ್ಪ ದಿನಕ್ಕೆ ಹಳೇ ಸಾಮಾನಿನವನೊಬ್ಬ ಈ ದುರ್ಬೀನು ಹೊತ್ತುಕೊಂಡು ಬಾಗಿಲಿಗೆ ಬಂದ. ಯಾರೂ ಕೊಳ್ಳುತ್ತಿಲ್ಲ, ಇಟ್ಟುಕೊಳ್ಳಿ ಎಂದು ಗಂಟುಬಿದ್ದು, ಕೊನೆಗೆ ತಾನೇ ತಾರಸಿಗೆ ತಂದು ನಿಲ್ಲಿಸಿಕೊಟ್ಟು ಹೋದ. ಅಂದಿನಿಂದ ಬೆಳಗಿನ ಕಾಫಿ ಇಲ್ಲೇ.

"ಬಟ್ಟೆ ಒಣಹಾಕೋಕೆ ಬರ್ತಾಳೆ. ಅಷ್ಟೇ ಹೊತ್ತು ನೋಡ್ತೀನಿ. ಕೂದಲು ಕತ್ತರಿಸ್ಕೊಂಡಿದ್ದು ಗೊತ್ತಾಯ್ತು. ಒಂದು ಸಲ ಜ್ವರ ಬಂದು ಶಾಲು ಹೊದ್ಕೊಂಡು ಬಂದಿದ್ಲು. ಗಂಜಿ ಮಾಡಿಕೊಡೋರು ಯಾರು ಅಂತ ಇಡೀ ದಿನ ನನಗೆ ಅನ್ನ ಇಳೀಲಿಲ್ಲ."

ಗುಂಡಿಯನ್ನು ಬೆರಳ ತುದಿಯಲ್ಲಿ ಉರುಳಿಸಿದರು.

"ಒಂದು ಹಳದಿ ಟವೆಲ್ಲಿದೆ. ದಿನಾ ಹಗ್ಗದ ಎಡಗಡೆ ತುದಿಗೆ ಹಾಕ್ತಾಳೆ. ಬೇರೆ ಬಟ್ಟೆ ಇಲ್ಲದಿದ್ರೂ ಅದೊಂದು ಇರತ್ತೆ. ನನಗೋಸ್ಕರ ಹಾಕ್ತಾಳೋ, ಸುಮ್ನೆ ಒಣಗಲಿ ಅಂತ ಹಾಕ್ತಾಳೋ. ಅದೊಂದು ಗೊತ್ತಾಗಿದ್ರೆ ನಾನೇ ನದಿ ದಾಟೋ ಲಾಂಚ್ ಹತ್ತಿ ಹೋಗ್ತಿದ್ದೆ."

ಮಂಗಳವಾರ ಅವಳು ಹಾಕಿಕೊಂಡಿದ್ದ ನೀಲಿ ಗೌನು ಇವರೇ ಹೊಲಿದದ್ದು, ಎಡಗಡೆ ಮಾತ್ರ ಜೇಬು. ಬಾಲ್ಕನಿಗೆ ಬಂದಳು, ಈಚೆ ದಡವನ್ನೇ ನೋಡುತ್ತ ನಿಂತಳು, ಬಟ್ಟೆ ಒಣಹಾಕದೆ ಒಳಗೆ ಹೋದಳು. ಜೇಬಿನವರೆಗೆ ಕಂಡವರು ಮುಖ ಕಂಡಿಲ್ಲ ಎಂದರೆ ಹೇಗೆ ನಂಬಲಿ? ಆದರೆ ಆ ದರಿದ್ರ ಮೊಟ್ಟೆಯನ್ನು ನಾನೇ ನೋಡಿದ್ದೆನಲ್ಲ.

ಈಗ ಕಾಣುತ್ತದೆಯೇ ಎಂದು ಕೇಳಿದೆ. ಇಲ್ಲ ಎಂದು ತಲೆ ಆಡಿಸಿದರು. ಇನ್ಸ್‌ಪೆಕ್ಟರ್ ಬಂದು ಹೋದ ದಿನದಿಂದ ತಮಗೂ ಬರೀ ಮಂಜು. ಅತ್ತು ಅತ್ತು ಕಣ್ಣು ಹಾಳಾಗಿರಬೇಕು. ಇಲ್ಲವೇ ಮಂಗಳವಾರ ಕಂಡದ್ದೂ ಬರೀ ಹಂಬಲವೇ ಇರಬೇಕು.

"ನನಗೇ ನನ್ನ ಮೇಲೆ ನಂಬಿಕೆ ಹೋಗಿದೆ," ಎಂದರು. "ನೋಡ್ಬೇಕು ನೋಡ್ಬೇಕು ಅಂತ ಕೂತೋರಿಗೆ ಏನು ಬೇಕಾದ್ರೂ ಕಾಣತ್ತೆ, ಅಲ್ವಾ?"

ಇನ್ಸ್‌ಪೆಕ್ಟರ್ ಬಂದು ಹೋದ ದಿನದಿಂದ. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅದನ್ನು ತಿರುವಿ ಹಾಕುವಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು.

ಅಳಿಯ ಬಂದಿದ್ದ. ಕೈಯಲ್ಲೊಂದು ತಗಡಿನ ಡಬ್ಬಿ, ಮಗಳ ಸೂಜಿ ದಾರದ್ದು. ಮನೆ ಖಾಲಿ ಮಾಡುವಾಗ ಸಿಕ್ಕಿತು, ನಿಮ್ಮ ಹತ್ತಿರವೇ ಇರಲಿ ಎಂದು ಅತ್ತೆಯ ಪಕ್ಕ ಇಟ್ಟ. ಮೃದು ಮಾತಿನ ಮನುಷ್ಯ. ಗಡ್ಡ ಬೋಳಿಸಿರಲಿಲ್ಲ. ಬಲಗೈ ಮಾತ್ರ ಪ್ಯಾಂಟಿನ ಜೇಬು ಬಿಟ್ಟು ಬರುತ್ತಿರಲಿಲ್ಲ. ಒಳಗೆ ಬೀಗದ ಕೈಗಳು ಕಿಣಿಗುಟ್ಟುತ್ತಿದ್ದವು.

ಹೊಲಿಗೆಯಮ್ಮ ಡಬ್ಬಿ ಮುಟ್ಟಲಿಲ್ಲ. "ಕೂತ್ಕೊಳ್ಳಿ," ಎಂದರು. ಅಳಿಯನೊಂದಿಗೆ ಅವರು ಇನ್ನೂ ಬಹುವಚನ ಬಿಟ್ಟಿರಲಿಲ್ಲ, ಅಷ್ಟು ದೂರ.

ಅವನು ನೇರ ನನ್ನ ತಮ್ಮನ ಹತ್ತಿರ ಹೋಗಿ, ಪರೀಕ್ಷೆ ಏನಾಯಿತು ಎಂದು ವಿಚಾರಿಸಿದ. ನನ್ನ ತಮ್ಮನಿಗೆ ಗುಟ್ಟು ಎನ್ನುವುದು ಹುಟ್ಟಿನಿಂದಲೇ ಇಲ್ಲ. ಎಲ್ಲ ಹೇಳಿದ. ಅಳಿಯ ತಾನೂ ಒಮ್ಮೆ ಇಣುಕಿ ನಿಟ್ಟುಸಿರು ಬಿಟ್ಟ.

"ಅತ್ತೆ, ನಿಮ್ಮ ಸಂಕಟ ನನಗೆ ಅರ್ಥ ಆಗತ್ತೆ. ಆದ್ರೆ ಇನ್ನು ಸಾಕು. ಅವಳು ಸೋಮವಾರಾನೇ ಹೋದ್ಲು. ಮನೆ ಅವತ್ತಿಂದ ಖಾಲಿ. ನಾನೂ ಕೆಲಸದ ಡಿಪೋದಲ್ಲೇ ಮಲಗ್ತಿದೀನಿ. ಬೀಗದ ಕೈ ಇಲ್ಲೇ ಇದೆ ನೋಡಿ."

ಜೇಬಿನಿಂದ ಕೈ ತೆಗೆದು ತೋರಿಸಿದ. ನಾನು ನೋಡಿದ್ದು ಬೀಗದ ಕೈಯನ್ನಲ್ಲ, ಅವನ ಕಣ್ಣನ್ನು. ಅದು ಅತ್ತೆಯ ಮೇಲಿರಲಿಲ್ಲ, ನನ್ನ ಮೇಲೂ ಇರಲಿಲ್ಲ. ಮಾತಿಗೊಮ್ಮೆ ನದಿಯಾಚೆಗೆ ಹೋಗಿ ಬರುತ್ತಿತ್ತು. ಖಾಲಿ ಮನೆಯನ್ನು ಯಾರಾದರೂ ಅಷ್ಟು ಸಲ ನೋಡುತ್ತಾರೆಯೇ?

ಲಾರಿಗೆ ಯಾಕಿಷ್ಟು ಅವಸರ, ಹೆಂಡತಿ ವಾಪಸು ಬಂದರೆ ಎಲ್ಲಿಗೆ ಬರಬೇಕು ಎಂದು ಕೇಳಿದೆ. ಅವಳು ಬರುವುದಿಲ್ಲ ಎಂದ. ನಿನಗೆ ಹೇಗೆ ಗೊತ್ತು ಎಂದೆ. ನೀವು ಇದರಲ್ಲಿ ಮೂಗು ತೂರಿಸದಿದ್ದರೆ ಎಲ್ಲರಿಗೂ ಒಳ್ಳೆಯದು ಎಂದ. ಬೆದರಿಕೆಯ ಮಾತು, ಆದರೆ ದನಿ ಬೇಡುವವನದು. ಅದು ನನಗೆ ಹೊಂದಿಕೆಯಾಗಲಿಲ್ಲ.

"ಅಕ್ಕ, ಇಲ್ಲಿ ಬಾ," ಎಂದ ತಮ್ಮ.

ಅವನು ಬಟ್ಟೆಯಿಂದ ಕೊಳವೆಯ ಧೂಳು ಒರೆಸುತ್ತಿದ್ದ. ಪಕ್ಕೆಯಲ್ಲಿ ಒಂದೇ ಸಾಲಿಗೆ ಮೂರು ಕೆಂಪು ಚುಕ್ಕೆ ಕಂಡವು. ಸಾಸಿವೆಗಿಂತ ಚಿಕ್ಕವು, ಉಗುರಿಗೆ ಹಚ್ಚುವ ಬಣ್ಣದವು. ಹಿಡಿದ ಬಳೆಯ ಮೇಲೂ ಅಂಥದ್ದೇ ಒಂದು ಚುಕ್ಕೆ ಇತ್ತು, ಆದರೆ ಬೇರೆ ಜಾಗದಲ್ಲಿ.

"ಕಂಪನಿ ಗುರುತಲ್ಲ ಇದು. ಕನ್ನಡಕದ ಅಂಗಡಿಯೋರು ಹೀಗೆ ಇಡ್ತಾರೆ. ಓರೆ ನಂಬರಿನ ಗಾಜು ಯಾವ ಕಡೆ ತಿರುಗಿ ಕೂರಬೇಕು ಅಂತ ಗೊತ್ತಾಗೋಕೆ ಮೂರು ಚುಕ್ಕೆ ಹಾಕ್ತಾರೆ."

ನಾನು ಹೊಲಿಗೆಯಮ್ಮನ ಕಡೆ ತಿರುಗಿದೆ. "ನಿಮ್ಮ ಮಗಳಿಗೆ ಏನಮ್ಮ ಕೆಲಸ?"

"ಕನ್ನಡಕದ ಅಂಗಡೀಲಿ," ಎಂದರು. "ನನ್ನ ಕನ್ನಡಕಾನೂ ಅವಳೇ ಮಾಡಿದ್ದು. ನಿನ್ನ ಕಣ್ಣಿನಷ್ಟು ಸೊಟ್ಟ ಕಣ್ಣು ಊರಲ್ಲೇ ಇಲ್ಲ ಅಂತ ನಗ್ತಿದ್ಲು."

ತಮ್ಮ ಆ ಕನ್ನಡಕ ಇಸಿದುಕೊಂಡ. ಕೈ ಚಾಚಿ ಹಿಡಿದು, ಅದರ ಮೂಲಕ ಬಾಗಿಲ ಚೌಕಟ್ಟನ್ನು ನೋಡುತ್ತ ನಿಧಾನ ತಿರುಗಿಸಿದ. ನೆಟ್ಟಗಿದ್ದ ಚೌಕಟ್ಟು ಗಾಜಿನೊಳಗೆ ಕತ್ತರಿಯಂತೆ ವಾಲಿತು. ಅವನ ಮುಖದಲ್ಲಿ ನಿದ್ದೆ ಪೂರಾ ಇಳಿದುಹೋಯಿತು.

"ಅಕ್ಕ, ನಾನೆಂಥ ಪೆದ್ದ! ಸ್ಕೋಪಿನ ದೋಷ ಒಂದು ಕಡೆಗೆ ಓರೆ. ಇವರ ಕಣ್ಣೂ ಓರೆ. ಸರಿಯಾದ ಕೋನದಲ್ಲಿ ತಿರುಗಿಸಿ ಇಟ್ರೆ ಒಂದನ್ನೊಂದು ಹೊಡೆದುಹಾಕತ್ತೆ. ನಮಗೆಲ್ಲ ಮಂಜು. ಇವರಿಗೆ ಮಾತ್ರ..."

"ಆದ್ರೆ ಕನ್ನಡಕ ಹಾಕಿರಬಾರದು," ಎಂದೆ.

ಹೊಲಿಗೆಯಮ್ಮ ಎದ್ದು ನಿಂತಿದ್ದರು. ಷರ್ಟು ಮಡಿಲಿಂದ ಜಾರಿ ಬಿತ್ತು.

"ಆ ಹಳೇ ಸಾಮಾನಿನವನು ಅದೊಂದೇ ಮಾತು ಹೇಳಿ ಹೋಗಿದ್ದ. ಕನ್ನಡಕ ತೆಗೆದು ನೋಡಿ, ಅಮ್ಮ. ಎರಡೆರಡು ಸಲ ಹೇಳಿದ. ಇವನಿಗ್ಯಾಕೆ ನನ್ನ ಕನ್ನಡಕದ ಉಸಾಬರಿ ಅಂದ್ಕೊಂಡಿದ್ದೆ."

ಆಮೇಲಿನದು ಊಹಿಸಲು ಪತ್ತೇದಾರರೇ ಬೇಕಿಲ್ಲ. ಇದು ತಿರುಪು ಓರೆಯಾಗಿಯೇ ಇರಬೇಕಾದ ದುರ್ಬೀನು. ಅಚ್ಚುಕಟ್ಟಿನ ಮನುಷ್ಯ ಯಾರೇ ಬರಲಿ, ಓರೆ ಇದ್ದದ್ದನ್ನು ಮೊದಲು ನೆಟ್ಟಗೆ ಮಾಡುತ್ತಾನೆ, ಆಮೇಲೆ ಇಣುಕುತ್ತಾನೆ. ಇನ್ಸ್‌ಪೆಕ್ಟರ್ ಅದನ್ನೇ ಮಾಡಿದ್ದರು. ಈಗಷ್ಟೇ ನನ್ನ ತಮ್ಮನೂ ಅದನ್ನೇ ಮಾಡಿದ್ದ.

ಅವನು ತಿರುಪು ಸಡಿಲಿಸಿ ಕೊಳವೆ ಉರುಳಿಸಿದ. ಮೂರು ಚುಕ್ಕೆಯ ಸಾಲು ಬಂದು ಬಳೆಯ ಚುಕ್ಕೆಗೆ ನೇರ ನಿಂತಿತು. ಫೋಕಸ್ಸಿನ ತಿರುಪು ಈಗ ಪಕ್ಕಕ್ಕೆ, ಸೊಟ್ಟಗೆ. ನಾನು ಇಣುಕಿದೆ, ಅದೇ ಮಂಜು. ಹೊಲಿಗೆಯಮ್ಮ ಕನ್ನಡಕವನ್ನು ನನ್ನ ಕೈಗಿಟ್ಟು, ಹಳ್ಳ ಬಿದ್ದ ಆ ದಿಂಬಿನ ಮೇಲೆ ಕೂತು, ಕಣ್ಣು ಹಚ್ಚಿದರು.

ಫೋಕಸ್ಸಿನ ತಿರುಪನ್ನು ಅತ್ತಿತ್ತ ಆಡಿಸಿದರು.

"ಲಾಂಚ್ ಕಟ್ಟೆ," ಎಂದರು ಕೊನೆಗೆ. "ಆಚೆ ಕಡೆಯದು. ಬೋರ್ಡಿದೆ. ಸಣ್ಣ ಅಕ್ಷರ. ಮಕ್ಕಳನ್ನು ಕೈ ಹಿಡಿದು ಇಳಿಸಿ, ಅಂತ. ಕೆಳಗೆ ಯಾರೋ ಮೊಳೆಯಲ್ಲಿ ಗೀಚಿದಾರೆ, ಅದು ಓದೋ ಮಾತಲ್ಲ."

ತಮ್ಮ ತನ್ನ ಚೀಲದಿಂದ ಒಳ್ಳೆಯ ದುರ್ಬೀನೊಂದನ್ನು ತೆಗೆದು ಆ ಕಡೆ ಹಿಡಿದ. ಓದಿ, ಕಿವಿ ಕೆಂಪಗಾಗಿ, ಹೌದು ಎಂದು ತಲೆಯಾಡಿಸಿದ.

ನಾನು ಅವರ ಹೆಗಲ ಮೇಲೆ ಕೈಯಿಟ್ಟೆ. "ಅಮ್ಮ, ಇದನ್ನ ಹಳೇ ಸಾಮಾನಿನವನು ತಂದಿದ್ದಷ್ಟೇ. ಕಳಿಸಿದ್ದು ನಿಮ್ಮ ಮಗಳು. ನಿಮ್ಮ ಕಣ್ಣಿನ ನಂಬರು, ಅದರ ಓರೆ, ಈ ಊರಲ್ಲಿ ಗೊತ್ತಿರೋದು ಅವಳೊಬ್ಬಳಿಗೇ. ನಿಮಗೊಬ್ಬರಿಗೆ ಕಾಣೋ ಹಾಗೆ ಕೂರಿಸಿ ಕಳಿಸಿದ್ಲು."

"ಹಾಗಾದ್ರೆ ಟವೆಲ್ಲು..."

"ನಿಮಗೇ."

ಅವರು ಕಣ್ಣು ಕೀಳಲಿಲ್ಲ. ಕೆನ್ನೆ ಮಾತ್ರ ತೊಯ್ಯುತ್ತಿತ್ತು. "ಮುಂಡೇದು," ಎಂದರು, "ಬಾಯಿಬಿಟ್ಟು ಹೇಳೋದಕ್ಕೇನಾಗಿತ್ತು? ನಾನು ಓಡಿ ಬರ್ತಿರಲಿಲ್ವಾ?" ಇಷ್ಟು ದಿನ ಇಬ್ಬರೂ ನದಿಯ ಎರಡು ಕಡೆ ನಿಂತು, ಒಬ್ಬಳು ತೋರಿಸಿಕೊಳ್ಳುತ್ತ, ಒಬ್ಬಳು ನೋಡುತ್ತ, ಕರೆಯುವ ಮಾತೊಂದನ್ನು ಬಿಟ್ಟು ಎಲ್ಲ ಮಾಡಿದ್ದರು.

ಆಮೇಲೆ ಅಳಿಯನ ಕಡೆ ತಿರುಗಿದೆ. ಮಂಗಳವಾರ ಅವಳು ಆ ಬಾಲ್ಕನಿಯಲ್ಲಿದ್ದದ್ದು ಇನ್ನು ನಿಜ, ನಿನ್ನ ಸೋಮವಾರ ಸುಳ್ಳು, ಇನ್ಸ್‌ಪೆಕ್ಟರಿಗೆ ಈಗಲೇ ಫೋನ್ ಮಾಡುತ್ತೇನೆ ಎಂದೆ. ಅವನು ಸಿಟ್ಟಾಗಲಿಲ್ಲ. ಓಡಲೂ ಇಲ್ಲ. ನಾಳೆವರೆಗೆ ಮಾತ್ರ ತಡೆಯಿರಿ, ಲಾರಿ ಹೋಗಲಿ, ಆಮೇಲೆ ನಾನೇ ಬಂದು ಎಲ್ಲ ಹೇಳುತ್ತೇನೆ ಎಂದು ಕೈ ಮುಗಿದ. ಲಾರಿಯಲ್ಲಿ ಏನು ಹೋಗುತ್ತದೆ ಎಂದು ಕೇಳಿದೆ. ಅವನು ಮತ್ತೆ ನದಿಯಾಚೆಗೆ ನೋಡಿದ.

"ಬಾಲ್ಕನಿ ಬಾಗಿಲು ತೆಗೀತು," ಎಂದರು ಹೊಲಿಗೆಯಮ್ಮ.

ಅಳಿಯ ಕೈಯಲ್ಲಿದ್ದ ಬೀಗದ ಕೈ ನೋಡಿಕೊಂಡ.

"ಟವೆಲ್ಲು. ಹಳದಿ ಟವೆಲ್ಲು ಹಾಕ್ತಿದಾಳೆ. ಇದೇನು, ಬಲಗಡೆ ಹಾಕ್ತಿದಾಳಲ್ಲ? ಯಾವತ್ತೂ ಬಲಗಡೆ ಹಾಕಿದವಳಲ್ಲ. ನನಗೆ ಏನೋ ಹೇಳ್ತಿದಾಳೆ."

"ಅವಳೇನಾ? ಮುಖ ಕಾಣ್ತಾ?" ಎಂದೆ.

"ನನ್ನ ಮಗಳೇ. ನೀಲಿ ಗೌನು. ಇಲ್ಲಿಗೇ ನೋಡ್ತಿದಾಳೆ." ಅವರ ದನಿ ಒಮ್ಮೆಲೇ ಬದಲಾಯಿತು. "ಹಿಂದೆ ಯಾರೋ ಇದಾರೆ. ಗಂಡಸಿನ ಕೈ. ತೋಳು ಹಿಡಿದು ಒಳಗೆ ಎಳ್ಕೊಂಡ. ಬಾಗಿಲು ಹಾಕಿದ."

ಬೀಗದ ಕೈಗಳು ನೆಲಕ್ಕೆ ಬಿದ್ದ ಸದ್ದಾಯಿತು. ಅಳಿಯ ತಾರಸಿಯ ಗೋಡೆ ಹಿಡಿದುಕೊಂಡಿದ್ದ.

"ಬಂದೇಬಿಟ್ಟನಾ?" ಎಂದ ಪಿಸುದನಿಯಲ್ಲಿ. "ನಾಳೆ ಲಾರೀಲಿ ಅವಳನ್ನ ಬಚ್ಚಿಟ್ಟು ಸಾಗಿಸಿಬಿಡೋಣ ಅಂತಿದ್ದೆ. ಅವನಿಗೆ ಸಿಗಬಾರದು ಅಂತಾನೇ ಹೋದ್ಲು ಹೋದ್ಲು ಅಂತ ಎಲ್ಲರಿಗೂ ಹೇಳಿದ್ದು..."

ಯಾರು ಎಂದು ಅವನ ಎರಡೂ ಭುಜ ಹಿಡಿದು ಅಲುಗಾಡಿಸಿದೆ. ಅವನು ನನ್ನನ್ನು ನೋಡಲಿಲ್ಲ. ಹೊಲಿಗೆಯಮ್ಮನ ಬೆನ್ನನ್ನು ನೋಡಿ, ಅವರಿಗೆ ಕೇಳಿಸದ ಹಾಗೆ ನನ್ನ ಕಿವಿಯಲ್ಲಿ ಎರಡೇ ಮಾತು ಹೇಳಿದ.

"ಅವಳ ಅಪ್ಪ."

ಹೊಲಿಗೆಯಮ್ಮ ತಮ್ಮ ಗಂಡ ತೀರಿಕೊಂಡು ಎಷ್ಟೋ ಕಾಲವಾಯಿತೆಂದು ನನಗೆ ಮೊದಲ ದಿನವೇ ಹೇಳಿದ್ದರು. ಬೇಕೆಂದೇ ಮುಚ್ಚಿಟ್ಟರೋ, ಅವನು ಬದುಕಿರುವುದು ಅವರಿಗೇ ಗೊತ್ತಿಲ್ಲವೋ, ಕೇಳಲು ಈಗ ಹೊತ್ತಿರಲಿಲ್ಲ.

ನಾನು ಬೀಗದ ಕೈ ಎತ್ತಿಕೊಂಡೆ. ತಮ್ಮ ಆಗಲೇ ಇನ್ಸ್‌ಪೆಕ್ಟರಿಗೆ ಫೋನ್ ಹಚ್ಚಿದ್ದ. ಲಾಂಚ್ ಹೊರಡುವುದರಲ್ಲಿದೆ, ನೀವೂ ಬನ್ನಿ ಎಂದು ಹೊಲಿಗೆಯಮ್ಮನ ಕೈ ಹಿಡಿದೆ. ಅವರು ಮೆಲ್ಲಗೆ ಬಿಡಿಸಿಕೊಂಡರು. ಕಣ್ಣು ದುರ್ಬೀನಿಗೇ ಅಂಟಿತ್ತು.

"ನೀವು ಹೋಗಿಮ್ಮಾ, ಬೇಗ ಹೋಗಿ. ನಾನಿಲ್ಲಿಂದ ಎದ್ರೆ, ಅವಳು ಮತ್ತೆ ಬಾಗಿಲು ತೆಗೆದಾಗ ನೋಡೋರು ಯಾರೂ ಇರಲ್ಲ."